ಹೆಪ್ಪುಗಟ್ಟಿದ ಕೆರೆಯಲ್ಲಿ ಗಾಳ ಹಾಕುವುದು ಹೇಗೆ?

ಡಿಸೆಂಬರ್ ಬಂತೆಂದರೆ ಅಮೆರಿಕದ ಮಿನ್ನೆಸೋಟ ರಾಜ್ಯದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ಕೆರೆ ಗಟ್ಟಿಯಾಯ್ತಾ, ಮೀನು ಹಿಡಿಯೋಕೆ ಹೋಗಬಹುದಾ? ಉತ್ತರವೂ ಒಂದೇ: ‘ಯಾರೋ ಆಗಲೇ ಟೆಂಟ್ ಹಾಕಿದ್ದಾರೆ, ನಡೀರಿ.’ ನಾನು ಇದನ್ನು ಬರೆಯುತ್ತಿರುವುದು ಆ ಉತ್ತರ ಕೇಳಿ ಕೇಳಿ ಭಯವಾಗಿ. ತೂತು ಕೊರೆಯುವುದು, ಗಾಳ ಬಿಡುವುದು, ಮೀನು ಎತ್ತುವುದು ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಿಯುವ ಕೆಲಸ. ಕಾಲಡಿಯ ಮಂಜುಗಡ್ಡೆ ಎಷ್ಟು ದಪ್ಪ ಇದೆ ಎಂದು ನೋಡುವುದನ್ನು ಮಾತ್ರ ಹೊಸಬರು ಬಿಟ್ಟೇ ಬಿಡುತ್ತಾರೆ. ಹಾಗಾಗಿ ಉಳಿದ ಹಂತಗಳನ್ನು ಚಿಕ್ಕದಾಗಿ ಹೇಳಿ, ಅದೊಂದನ್ನು ಬಿಡಿಸಿ ಹೇಳುತ್ತೇನೆ.

ಹಂತ 1: ಲೈಸೆನ್ಸ್

16 ವರ್ಷ ತುಂಬಿದವರಿಗೆ ಮೀನು ಹಿಡಿಯುವ ಲೈಸೆನ್ಸ್ ಬೇಕು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ, ಅಂದರೆ ಎಲ್ಲರೂ ಹೇಳುವ ಡಿಎನ್‌ಆರ್‌ನ, ವೆಬ್‌ಸೈಟಿನಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ. ವಾರ್ಷಿಕ ಲೈಸೆನ್ಸ್ ಫೆಬ್ರುವರಿ ಕೊನೆಗೆ ಮುಗಿಯುತ್ತದೆ, ಮಾರ್ಚ್‌ಗೆ ಹೊಸದು ಬೇಕು.

ಹಂತ 2: ಬಟ್ಟೆ

ಜೀನ್ಸ್ ಬೇಡ. ಹತ್ತಿ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಒಳಗೆ ಉಣ್ಣೆಯದ್ದೋ ಪಾಲಿಯೆಸ್ಟರ್‌ದೋ ಥರ್ಮಲ್, ಮೇಲೆ ಗಾಳಿ ತಡೆಯುವ ಜಾಕೆಟ್ ಮತ್ತು ಸ್ನೋ ಪ್ಯಾಂಟ್ ಹಾಕಿ. ಕಾಲುಚೀಲ ಎರಡು ಜೊತೆ ತುರುಕಿ ಬೂಟು ಬಿಗಿ ಮಾಡಿಕೊಂಡರೆ ರಕ್ತ ಓಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಒಂದೇ ದಪ್ಪ ಉಣ್ಣೆ ಚೀಲ, ಸ್ವಲ್ಪ ಸಡಿಲ ಬೂಟು ಸಾಕು. ಬೂಟಿಗೆ ಮುಳ್ಳಿನ ಪಟ್ಟಿ, ಇಲ್ಲಿಯವರು ಕ್ಲೀಟ್ಸ್ ಎನ್ನುವುದು, ಕಟ್ಟಿಕೊಳ್ಳಿ. ಎಷ್ಟೋ ಜನ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು ವಾಪಸ್ ಬರುತ್ತಾರೆ.

ಜಾಕೆಟ್ಟಿನ ಮೇಲೆ ಲೈಫ್ ಜಾಕೆಟ್. ಕುತ್ತಿಗೆಯಲ್ಲಿ ಐಸ್ ಪಿಕ್ಸ್. ಐಸ್ ಪಿಕ್ಸ್ ಎಂದರೆ ಹಗ್ಗದಲ್ಲಿ ಜೋಡಿಸಿದ ಎರಡು ಹಿಡಿ, ತುದಿಯಲ್ಲಿ ಚೂಪು ಮೊಳೆ; ನೀರಿಗೆ ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೆ ಬರಲು. ಬ್ಯಾಗಿನೊಳಗಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಎದೆಯ ಮೇಲೆ, ಕೈಗೆ ಸಿಗುವಂತೆ ಇರಲಿ.

ಹಂತ 3: ಮಂಜುಗಡ್ಡೆ ಅಳೆಯುವುದು

ಇಲ್ಲಿ ನಿಧಾನವಾಗಿ ಓದಿ.

ಡಿಎನ್‌ಆರ್ ಯಾವ ಕೆರೆಯ ಮಂಜುಗಡ್ಡೆಯನ್ನೂ ಅಳೆದು ‘ಇದು ಸೇಫ್’ ಎಂದು ಹೇಳುವುದಿಲ್ಲ. ಅವರು ಕೊಡುವುದು ಅಂದಾಜಿನ ಲೆಕ್ಕ ಮಾತ್ರ. ಹೊಸದಾದ, ಪಾರದರ್ಶಕ ಗಡ್ಡೆ 4 ಇಂಚು ಇದ್ದರೆ ನಡೆಯಬಹುದು. ಸ್ನೋಮೊಬೈಲ್‌ಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9ರಿಂದ 10 ಇಂಚು ಬೇಕು. 4 ಇಂಚಿಗಿಂತ ಕಡಿಮೆ ಇದ್ದರೆ ಕಾಲಿಡಲೇಬೇಡಿ. ಮೊದಲ ಚಳಿಗಾಲದಲ್ಲಿ ಕಾರನ್ನಂತೂ ದಡದಲ್ಲೇ ಬಿಡಿ, ಬೇರೆಯವರು ಟ್ರಕ್ ಓಡಿಸುತ್ತಿದ್ದರೂ ಸರಿ.

ಈ ಅಂಕಿಗಳೆಲ್ಲ ಪಾರದರ್ಶಕ ಗಡ್ಡೆಗೆ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಯೊಳಗೆ ಗಾಳಿಗುಳ್ಳೆ ತುಂಬಿರುತ್ತದೆ, ಬಲ ಅರ್ಧ. ಅದು ಎರಡರಷ್ಟು ದಪ್ಪ ಇರಬೇಕು, ಅಂದರೆ ನಡೆಯಲು 8 ಇಂಚು. ಗಡ್ಡೆಯ ಮೇಲೆ ದಪ್ಪ ಹಿಮ ಬಿದ್ದಿದ್ದರೆ ಹೊಸಬರಿಗೆ ಖುಷಿ, ನನಗೆ ಅನುಮಾನ. ಹಿಮ ಕಂಬಳಿ ಹೊದಿಸಿದಂತೆ ಚಳಿಯನ್ನು ಒಳಗೆ ಬಿಡುವುದಿಲ್ಲ, ಗಡ್ಡೆ ಬೆಳೆಯುವುದು ನಿಂತುಹೋಗುತ್ತದೆ. ಅದರ ಭಾರಕ್ಕೆ ಗಡ್ಡೆ ಕುಸಿದು ಬಿರುಕಿನಿಂದ ನೀರು ಮೇಲೆ ಬರುತ್ತದೆ.

ಅಳೆಯುವುದು ಹೀಗೆ. ಕೈಯಲ್ಲಿ ಸ್ಪಡ್ ಬಾರ್ ಇರಲಿ: ನಾಲ್ಕೈದು ಅಡಿಯ ಕಬ್ಬಿಣದ ಹಾರೆ, ತುದಿ ಚಪ್ಪಟೆ ಮತ್ತು ಚೂಪು. ಅದರ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಒಂದು ದಿನ ತೂತಿನಲ್ಲಿ ಜಾರಿ ತಳ ಸೇರುತ್ತದೆ. ದಡದಲ್ಲಿ ನಿಂತು ಮುಂದಿನ ಜಾಗಕ್ಕೆ ಎರಡೂ ಕೈಯಲ್ಲಿ ಎತ್ತಿ ಜೋರಾಗಿ ಎರಡು ಏಟು ಹಾಕಿ. ಸುಮ್ನೆ ಕುಟ್ಟಿದರೆ ಪ್ರಯೋಜನವಿಲ್ಲ. ಚೂರು ಎದ್ದು ಒಣಗಿದ ಗಟ್ಟಿ ಸದ್ದು ಬಂದರೆ ಒಂದು ಹೆಜ್ಜೆ ಮುಂದೆ, ಮತ್ತೆ ಎರಡು ಏಟು. ಹಾರೆ ತೂರಿ ಹೋದರೆ ಅಥವಾ ಏಟು ಬಿದ್ದಲ್ಲಿ ನೀರು ಉಕ್ಕಿದರೆ ಅಲ್ಲೇ ನಿಲ್ಲಿ. ಬಂದ ಹೆಜ್ಜೆಗುರುತಿನ ಮೇಲೇ ಕಾಲು ಎಳೆಯುತ್ತ ಹಿಂದಕ್ಕೆ ಬನ್ನಿ. ಪಕ್ಕದಲ್ಲಿ ಗಟ್ಟಿ ಇರಬಹುದು ಎಂದು ಹುಡುಕುತ್ತ ನಿಲ್ಲಬೇಡಿ, ಆ ದಿನ ಮುಗಿಯಿತು.

ಸ್ವಲ್ಪ ಒಳಗೆ ಹೋದಮೇಲೆ ಒಂದು ತೂತು ಕೊರೆದು ಟೇಪ್ ಇಳಿಸಿ, ಅದರ ಕೊಕ್ಕೆಯನ್ನು ಗಡ್ಡೆಯ ಕೆಳ ಅಂಚಿಗೆ ಸಿಕ್ಕಿಸಿ ಓದಿ. ತೂತಿನ ಗೋಡೆ ನೋಡಿ: ಮೇಲೆ ಎಷ್ಟು ಬಿಳಿ, ಕೆಳಗೆ ಎಷ್ಟು ಪಾರದರ್ಶಕ, ನಡುವೆ ಕೆಸರಿನಂಥ ಪದರ ಇದೆಯಾ? ಕೆಸರು ಪದರ ಲೆಕ್ಕಕ್ಕಿಲ್ಲ. ಪ್ರತಿ 150 ಅಡಿಗೊಮ್ಮೆ ಹೊಸ ತೂತು, ಹೊಸ ಅಳತೆ. ಒಂದೇ ಕೆರೆಯಲ್ಲಿ ಇಲ್ಲಿ 7 ಇಂಚು, ಅಲ್ಲಿ 2 ಇಂಚು ಇರುವುದು ಮಾಮೂಲಿ. ಹಳ್ಳ ಬಂದು ಸೇರುವ ಜಾಗ, ನೀರು ಹೊರಗೆ ಹೋಗುವ ಜಾಗ, ಸೇತುವೆ ಕೆಳಗೆ, ಎರಡು ಕೆರೆ ಕೂಡುವ ಕಾಲುವೆ, ಜೊಂಡು ಬೆಳೆದ ಅಂಚು, ಬಾತುಗಳು ಇತ್ತೀಚಿನವರೆಗೂ ಈಜುತ್ತಿದ್ದ ಜಾಗ, ಇವುಗಳ ಹತ್ತಿರ ಹೋಗಬೇಡಿ. ಮೀನಿಗೆ ಗಾಳಿ ಕೊಡಲು ಕೆಲವು ಕೆರೆಗಳಲ್ಲಿ ಯಂತ್ರ ಹಾಕಿರುತ್ತಾರೆ, ಅಲ್ಲಿ ಗಡ್ಡೆ ತೆಳು. ‘ಥಿನ್ ಐಸ್’ ಬೋರ್ಡ್ ಕಂಡರೆ ಆ ಕೆರೆಯನ್ನೇ ಬಿಡಿ.

ಪಕ್ಕದವರ ಟೆಂಟ್ ಏನನ್ನೂ ಸಾಬೀತು ಮಾಡುವುದಿಲ್ಲ. ಗುಂಪು ತಪ್ಪಬಹುದು. 2022ರ ನವೆಂಬರ್ 28ರಂದು ಅಪ್ಪರ್ ರೆಡ್ ಲೇಕ್‌ನಲ್ಲಿ ಗಡ್ಡೆಯ ಒಂದು ದೊಡ್ಡ ಭಾಗ ದಡದಿಂದ ಕಳಚಿಕೊಂಡು ಸುಮಾರು 200 ಮಂದಿ ಅದರ ಮೇಲೆ ಸಿಕ್ಕಿಕೊಂಡರು. ಅದೃಷ್ಟಕ್ಕೆ ಎಲ್ಲರನ್ನೂ ಪಾರು ಮಾಡಲಾಯಿತು. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ಅದೇ ಕೆರೆಯಲ್ಲಿ ನೂರಕ್ಕೂ ಹೆಚ್ಚು ಮಂದಿ ಮತ್ತೆ ಹಾಗೇ ಸಿಕ್ಕಿಕೊಂಡರು. ದೊಡ್ಡ ಕೆರೆಗೆ ಹೋಗುವ ಮುನ್ನ ಗಾಳಿಯ ಮುನ್ಸೂಚನೆ ನೋಡಲೇಬೇಕು.

ಇನ್ನೊಂದು ಮಾತು. ಸಂಜೆ ಚಳಿ ಏರಿದಾಗ ಗಡ್ಡೆ ಗುಡುಗುತ್ತದೆ, ಕೆರೆಯ ಈ ತುದಿಯಿಂದ ಆ ತುದಿಗೆ ಸೀಳು ಓಡಿದ ಸದ್ದು ಬರುತ್ತದೆ. ಹೆದರಿ ಓಡಬೇಡಿ. ತಾಪಮಾನ ಬದಲಾದಾಗ ಗಡ್ಡೆ ಹಿಗ್ಗಿ ಕುಗ್ಗುವ ಸದ್ದು ಅದು. ಭಯಪಡಬೇಕಾದ್ದು ಮಾರ್ಚ್ ಕೊನೆಯ ಗಡ್ಡೆಗೆ. ನೋಡಲು ಅಡಿಗಟ್ಟಲೆ ದಪ್ಪ, ಒಳಗೆಲ್ಲ ಉದ್ದುದ್ದ ಕಡ್ಡಿಗಳಾಗಿ ಬಿಡಿಸಿಕೊಂಡಿರುತ್ತದೆ. ಆಗ ಇಂಚಿನ ಲೆಕ್ಕ ನಡೆಯುವುದಿಲ್ಲ.

ನೀರಿಗೆ ಬಿದ್ದರೆ? ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ 1-10-1 ಲೆಕ್ಕವನ್ನು ಬಾಯಿಪಾಠ ಮಾಡಿ. ಉಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಮಾತು ಕೇಳುವುದು 10 ನಿಮಿಷ. ಚಳಿಗೆ ಪ್ರಜ್ಞೆ ತಪ್ಪಲು ಹೆಚ್ಚುಕಡಿಮೆ 1 ಗಂಟೆ. ಮೊದಲ ನಿಮಿಷ ಬೇರೇನೂ ಮಾಡಬೇಡಿ, ತಲೆ ಮೇಲಿಟ್ಟು ಉಸಿರಾಡಿ. ಆಮೇಲೆ ಬಂದ ದಿಕ್ಕಿಗೇ ತಿರುಗಿ, ಆ ಗಡ್ಡೆ ನಿಮ್ಮನ್ನು ಹೊತ್ತಿತ್ತು ಅಲ್ವಾ. ಈಜುವಾಗಿನಂತೆ ಕಾಲು ಬಡಿದು ಮೈ ಅಡ್ಡ ಮಾಡಿ, ಪಿಕ್ಸ್ ಚುಚ್ಚಿ ಎಳೆದುಕೊಂಡು ಮೇಲೆ ಬನ್ನಿ. ಎದ್ದು ನಿಲ್ಲಬೇಡಿ. ಉರುಳಿಕೊಂಡೇ ದಪ್ಪ ಗಡ್ಡೆಗೆ ಹೋಗಿ. ಒಬ್ಬರೇ ಹೋಗಬೇಡಿ ಎನ್ನುವುದೂ ಇದಕ್ಕೇ.

ಹಂತ 4: ತೂತು

6 ಇಂಚಿನ ಕೈ ಆಗರ್, ಅಂದರೆ ಕೈಯಲ್ಲಿ ತಿರುಗಿಸಿ ತೂತು ಕೊರೆಯುವ ಬೈರಿಗೆ, ಕೊಳ್ಳಿ. 8 ಇಂಚಿನದು ಸುಮ್ನೆ ತೋಳಿಗೆ ಶಿಕ್ಷೆ, ಮೊದಲ ವರ್ಷ ಹಿಡಿಯುವ ಮೀನಿಗೆ ಅಷ್ಟು ಅಗಲ ಬೇಡ. ಬ್ಲೇಡ್ ಚೂಪಾಗಿದ್ದರೆ ಒತ್ತುವ ಅಗತ್ಯವೇ ಇಲ್ಲ. ಹಿಮ ಉದುರಿಸಲು ಆಗರ್ ಅನ್ನು ಗಡ್ಡೆಗೆ ಕುಟ್ಟುವವರನ್ನು ನೋಡಿದ್ದೇನೆ, ಬ್ಲೇಡ್ ಮೊಂಡಾಗುವುದು ಅಲ್ಲೇ. ತೂತಿನ ಚೂರು ತೆಗೆಯಲು ಉದ್ದ ಹಿಡಿಯ ತೂತಿನ ಸೌಟು ಸಿಗುತ್ತದೆ. ಬೋಂಡ ಎತ್ತುವ ಸೌಟು ತರಬೇಡಿ, ಹಿಡಿ ಗಿಡ್ಡ, ಬೆರಳು ನೀರಿಗೆ ತಾಗುತ್ತದೆ.

ಹಂತ 5: ಗಾಳ ಬಿಡುವುದು

ಮೊದಲ ಸಲ ಮಿಲ್ ಲ್ಯಾಕ್ಸ್‌ನಂಥ ಸಮುದ್ರದ ಗಾತ್ರದ ಕೆರೆಗೆ ಹೋಗುವುದು ಬೇಡ. ಪ್ಲಿಮತ್‌ನವರಿಗೆ ಮೆಡಿಸಿನ್ ಲೇಕ್ ಇದೆ, ಈಡನ್ ಪ್ರೇರಿಯವರಿಗೆ ಮಿನ್ನೆಟೊಂಕದ ಕೊಲ್ಲಿಗಳು ಹತ್ತಿರ. ಬ್ಲೂಗಿಲ್, ಕ್ರ್ಯಾಪಿ ಮೀನು ಹಿಡಿಯಿರಿ. ಡಿಎನ್‌ಆರ್‌ನ ಲೇಕ್‌ಫೈಂಡರ್‌ನಲ್ಲಿ ಆಳದ ನಕ್ಷೆ ಸಿಗುತ್ತದೆ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ರಾಡ್ ಕಿಟ್‌ಗಳಲ್ಲಿ ದಪ್ಪ ದಾರ ಸುತ್ತಿರುತ್ತಾರೆ. ಚಳಿಗೆ ಅದು ಸುರುಳಿ ಬಿಟ್ಟುಕೊಳ್ಳುವುದೇ ಇಲ್ಲ, ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ಬಿಚ್ಚಿ ಬಿಸಾಕಿ 3 ಪೌಂಡ್ ಭಾರ ತಡೆಯುವ ತೆಳು ದಾರ ಸುತ್ತಿ. ಕಿಟ್‌ನ ದೊಡ್ಡ ಕೆಂಪು-ಬಿಳಿ ಬೆಂಡೂ ಬೇಡ. ಈಗಲೋ ಆಗಲೋ ಮುಳುಗುವ ಹಾಗಿರುವ ಪುಟ್ಟ ಬೆಂಡು ಬೇಕು. ಗಾಳಕ್ಕೆ ಟಂಗ್‌ಸ್ಟನ್ ಜಿಗ್, ಅಂದರೆ ಲೋಹದ ಗುಂಡು ಕೂಡಿಸಿದ ಕೊಕ್ಕೆ, ನನ್ನ ಆಯ್ಕೆ, ಸಣ್ಣದಿದ್ದರೂ ಭಾರ, ಬೇಗ ಇಳಿಯುತ್ತದೆ. ಎರೆಗೆ ವ್ಯಾಕ್ಸ್‌ವರ್ಮ್ ಹುಳ. ಡಬ್ಬಿಯನ್ನು ಅಂಗಿಯ ಒಳಜೇಬಲ್ಲಿ ಇಡಿ, ಹೊರಗಿದ್ದರೆ ಹುಳ ಕಲ್ಲಾಗುತ್ತದೆ.

ಆಳ ತಿಳಿಯಲು ಗಾಳಕ್ಕೆ ಕ್ಲಿಪ್ ತೂಕ ಸಿಕ್ಕಿಸಿ ತಳ ಮುಟ್ಟಿಸಿ. ಎರೆ ತಳದಿಂದ ಒಂದಡಿ ಮೇಲೆ ನಿಲ್ಲುವಂತೆ ಬೆಂಡು ಸರಿಸಿ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರ, ಹಾಗಾಗಿ ಕೆಳಗಿನ ನೀರೇ ಸ್ವಲ್ಪ ಬೆಚ್ಚಗೆ, ಬ್ಲೂಗಿಲ್ ಅಲ್ಲೇ ಇರುತ್ತದೆ. ರಾಡಿನ ತುದಿಯನ್ನು ಒಂದೆರಡು ಸಲ ಸಣ್ಣಗೆ ನಡುಗಿಸಿ, ಆಮೇಲೆ ಅಲ್ಲಾಡಿಸಬೇಡಿ. ಕಚ್ಚುವುದು ಅದು ಸುಮ್ಮನಿರುವಾಗ. ಬೆಂಡು ಮುಳುಗುವುದನ್ನೇ ಕಾಯಬೇಡಿ: ಕ್ರ್ಯಾಪಿ ಕೆಳಗಿನಿಂದ ಮೇಲಕ್ಕೆ ಬಂದು ತಿನ್ನುತ್ತದೆ, ಎರೆಯನ್ನು ಎತ್ತುತ್ತದೆ, ಬೆಂಡು ಮೆಲ್ಲಗೆ ಪಕ್ಕಕ್ಕೆ ಮಲಗುತ್ತದೆ. ಆಗಲೇ ರಾಡ್ ಎತ್ತಿ. ಇಪ್ಪತ್ತು ನಿಮಿಷ ಏನೂ ಆಗದಿದ್ದರೆ ಬೇರೆ ತೂತಿಗೆ ಹೋಗಿ. ಕ್ರ್ಯಾಪಿಗೆ ಸಂಜೆ ಹೊತ್ತೇ ಒಳ್ಳೆಯದು.

ಟೆಂಟಿನೊಳಗೆ ಪ್ರೊಪೇನ್ ಹೀಟರ್ ಹಚ್ಚುವುದಾದರೆ ಗಾಳಿಕಿಂಡಿ ತೆರೆದೇ ಇರಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ತಗುಲಿಹಾಕಿ. ಆ ಅನಿಲಕ್ಕೆ ವಾಸನೆಯಿಲ್ಲ.

ಹಂತ 6: ಬಿಡುವ ಮೀನು, ತಿನ್ನುವ ಮೀನು

ಬಿಡುವ ಮೀನನ್ನು ಗಡ್ಡೆಯ ಮೇಲೆ ಹಾಕಬೇಡಿ, ಕಣ್ಣು, ಕಿವಿರು ಹೆಪ್ಪುಗಟ್ಟುತ್ತವೆ. 30 ಅಡಿಗಿಂತ ಆಳದಿಂದ ಎಳೆದ ಕ್ರ್ಯಾಪಿ ಬಿಟ್ಟರೂ ಬದುಕುವುದು ಕಷ್ಟ, ಆದ್ದರಿಂದ ಬಿಡುವ ಉದ್ದೇಶವಿದ್ದರೆ ಆಳಕ್ಕೆ ಹೋಗಬೇಡಿ. ದಿನಕ್ಕೆ ಎಷ್ಟು ಇಟ್ಟುಕೊಳ್ಳಬಹುದು ಎನ್ನುವುದು ಕೆರೆಯಿಂದ ಕೆರೆಗೆ ಬೇರೆ, ಹೊರಡುವ ಮೊದಲೇ ನೋಡಿ. ಕಸ, ಹುಳದ ಡಬ್ಬಿ ಎಲ್ಲ ವಾಪಸ್ ತನ್ನಿ. ವಸಂತದಲ್ಲಿ ಅದು ನೇರ ಕೆರೆಗೇ ಬೀಳುತ್ತದೆ.

ಬ್ಲೂಗಿಲ್‌ನ ಹುರುಪೆ ಚಮಚದ ಹಿಂಭಾಗದಿಂದ ಬಾಲದಿಂದ ತಲೆಯ ಕಡೆಗೆ ಕೆರೆದರೆ ಸಲೀಸಾಗಿ ಬರುತ್ತದೆ. ಎರಡೂ ಬದಿ ಗೀರು ಹಾಕಿ, ಮೆಣಸಿನಪುಡಿ, ಅರಿಶಿನ, ಹುಣಸೆರಸ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಸಣ್ಣ ರವೆಯಲ್ಲಿ ಹೊರಳಿಸಿ ತವಾದಲ್ಲಿ ಕಾಯಿಸಿ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು ಇದ್ದರೆ ರಾಜ್ಯ ಆರೋಗ್ಯ ಇಲಾಖೆಯ ಮೀನು ಪಟ್ಟಿಯನ್ನು ಒಮ್ಮೆ ನೋಡಿ: ದೊಡ್ಡ ವಾಲೈ, ಪೈಕ್‌ಗಳಲ್ಲಿ ಪಾದರಸ ಜಾಸ್ತಿ, ಈ ಸಣ್ಣ ಮೀನುಗಳಲ್ಲಿ ಕಡಿಮೆ.