ಗ್ರಹ ಮಾಡಿದ ಕೊಂಕು ಆಲ್ಮಾಗೆ ಕಾಣುತ್ತಾ? ಮಾಡೆಲ್‌ನಿಂದ ಚಿತ್ರ ತೆಗೆದ ನನ್ನ ಅನುಭವ

2018ರಲ್ಲಿ ಕ್ರಿಸ್ಟೋಫ್ ಪಿಂಟ್ ಮತ್ತು ಜೊತೆಗಾರರು ಎಚ್‌ಡಿ 163296 ಎಂಬ ಎಳೆಯ ನಕ್ಷತ್ರದ ಸುತ್ತಲಿನ ಅನಿಲದ ತಟ್ಟೆಯಲ್ಲಿ ಒಂದು ಸಣ್ಣ ಕೊಂಕು ಗುರುತಿಸಿದರು. ನಕ್ಷತ್ರದಿಂದ ಸುಮಾರು 260 ಖಗೋಳಮಾನ (ಒಂದು ಖಗೋಳಮಾನ ಅಂದರೆ ಭೂಮಿಗೂ ಸೂರ್ಯನಿಗೂ ಇರುವ ಅಂತರ) ದೂರದಲ್ಲಿ, ಗುರುವಿನ ಎರಡರಷ್ಟು ತೂಕದ ಗ್ರಹವೊಂದು ಅನಿಲದ ಓಟವನ್ನು ಕದಡಿದೆ ಎಂಬುದು ಅವರ ವಾದ. ಗ್ರಹ ಕಾಣುವುದಿಲ್ಲ, ಅದರ ಕೈವಾಡ ಕಾಣುತ್ತದೆ! ಗ್ರಹ ಇನ್ನೂ ಹಗುರವಾಗಿದ್ದರೆ ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕಕ್ಕೆ ಆ ಕೊಂಕು ಸಿಗುತ್ತಿತ್ತಾ? ನಾನು ಈ ಕೆಲಸಕ್ಕೆ ಇಳಿದದ್ದು ಆ ಪ್ರಶ್ನೆ ಹಿಡಿದು.

ಮೊದಲು ಫಾರ್ಗೋ3ಡಿ ಎಂಬ, ಅನಿಲದ ಹರಿವು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ತಟ್ಟೆ ಮತ್ತು ಗ್ರಹವನ್ನು ಓಡಿಸಿದೆ. ಅದರಿಂದ ಸಿಗುವುದು ಅನಿಲದ ಸಾಂದ್ರತೆ ಮತ್ತು ವೇಗ. ಬೆಳಕು ಅದರಲ್ಲಿ ಇಲ್ಲ. ಅದಕ್ಕೆ ರಾಡ್‌ಎಂಸಿ-3ಡಿ ಎಂಬ ಇನ್ನೊಂದು ಪ್ರೋಗ್ರಾಮ್ ಬೇಕು. ನಕ್ಷತ್ರದಿಂದ ಹೊರಟ ಫೋಟಾನ್ ಕಂತೆಗಳು ದೂಳಿಗೆ ಬಡಿದು ಎಲ್ಲಿ ಎಷ್ಟು ಬಿಸಿ ಎಂದು ಅದು ಲೆಕ್ಕ ಹಾಕುತ್ತದೆ. ಆಮೇಲೆ, ಆಲ್ಮಾ ಹಿಡಿಯುವ ಬೆಳಕನ್ನು ಸೂಸುವ ಕಾರ್ಬನ್ ಮಾನಾಕ್ಸೈಡ್ ಎಲ್ಲಿದೆ ಎಂದು ನಾವು ಹೇಳಬೇಕು. ಹೈಡ್ರೋಜನ್ ಅಣುಗಳ ಹತ್ತು ಸಾವಿರದಲ್ಲಿ ಒಂದು ಪಾಲು ಅನ್ನುವುದು ರೂಢಿ. ಆದರೆ ಸುಮಾರು 20 ಕೆಲ್ವಿನ್‌ಗಿಂತ ತಣ್ಣಗಿರುವ ನಡುಭಾಗದಲ್ಲಿ ಅದು ದೂಳಿನ ಮೇಲೆ ಹೆಪ್ಪುಗಟ್ಟುತ್ತದೆ. ತೀರಾ ಮೇಲೆ ನೇರಳಾತೀತ ಬೆಳಕು ಅದನ್ನು ಒಡೆಯುತ್ತದೆ. ಹಾಗಾಗಿ ಉಳಿಯುವುದು ಇವೆರಡರ ನಡುವಿನ ಪದರ ಮಾತ್ರ.

ಮುಂದಿನ ಹಂತದಲ್ಲಿ ತುಂಬಾ ಎಚ್ಚರ ಬೇಕು. ಕೊಂಕು ಕಾಣುವುದು ವೇಗದ ಚಾನೆಲ್‌ಗಳಲ್ಲಿ, ಅಂದರೆ ಒಂದೊಂದು ವೇಗಕ್ಕೆ ತೆಗೆದ ಒಂದೊಂದು ಚಿತ್ರದಲ್ಲಿ. ಅಷ್ಟು ದೂರದಲ್ಲಿ ಅನಿಲ ಸೆಕೆಂಡಿಗೆ ಸುಮಾರು ಎರಡೂವರೆ ಕಿಲೋಮೀಟರ್ ಓಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಸೂಸುವ ನಿರ್ದಿಷ್ಟ ತರಂಗಾಂತರದ ಬೆಳಕಿಗೆ ರೇಖೆ ಅನ್ನುತ್ತಾರೆ; ಶಾಖದಿಂದ ಅದಕ್ಕೆ ಬರುವ ಅಗಲ, ವೇಗದ ಲೆಕ್ಕದಲ್ಲಿ, ಸೆಕೆಂಡಿಗೆ ಬರೀ 0.1 ಕಿ.ಮೀ. ಆಸುಪಾಸು. ತಟ್ಟೆಯ ಒಳಗೆ ಹೋದಂತೆ ಮಾಡೆಲ್‌ನ ಒಂದು ಕೋಶದಿಂದ (ಲೆಕ್ಕಕ್ಕಾಗಿ ತಟ್ಟೆಯನ್ನು ಕತ್ತರಿಸಿದ ಒಂದು ತುಂಡು) ಪಕ್ಕದ ಕೋಶಕ್ಕೆ ವೇಗದ ನೆಗೆತ ಈ ಅಗಲವನ್ನೂ ಮೀರುತ್ತದೆ. ಆಗ ಬೆಳಕಿನ ಕಿರಣ ರೇಖೆಯನ್ನು ಹಾರಿ ದಾಟಿಬಿಡುತ್ತದೆ. ಚಿತ್ರದಲ್ಲಿ ಪಟ್ಟೆ ಪಟ್ಟೆ ಮೂಡುತ್ತವೆ. ಹೊಸಬರ ಕಣ್ಣಿಗೆ ಅವು ಥೇಟ್ ಗ್ರಹದ ಗುರುತಿನ ಹಾಗೇ ಕಾಣುತ್ತವೆ. ರಾಡ್‌ಎಂಸಿಯಲ್ಲಿ ಡಾಪ್ಲರ್ ಕ್ಯಾಚಿಂಗ್ ಅನ್ನುವ ಆಯ್ಕೆ ಇರುವುದು ಇದಕ್ಕೇ. ನಾನು ಅದನ್ನು ಆನ್ ಮಾಡದೆ ರೇಖೆಯ ಚಿತ್ರ ತೆಗೆಯುವುದೇ ಇಲ್ಲ. ಜೊತೆಗೆ, ಆಲ್ಮಾ ಚಾನೆಲ್‌ಗಿಂತ ಸಣ್ಣ ಹೆಜ್ಜೆಯಲ್ಲಿ ಚಿತ್ರ ತೆಗೆದು ಆಮೇಲೆ ಕೂಡಿಸುತ್ತೇನೆ.

ಈಗ ದೂರದರ್ಶಕದ ಸರದಿ. ಮಾಡೆಲ್ ಚಿತ್ರವನ್ನು ಸುಮ್ನೆ ಮಸುಕು ಮಾಡಿ 'ಆಲ್ಮಾಗೆ ಹೀಗೆ ಕಾಣುತ್ತದೆ' ಅನ್ನುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಆಲ್ಮಾ ಕ್ಯಾಮೆರಾ ಅಲ್ವಲ್ಲ. ಅಲ್ಲಿ 66 ಆಂಟೆನಾಗಳಿವೆ. ಪ್ರತಿ ಜೋಡಿ ಆಂಟೆನಾ ಒಂದು ನಿರ್ದಿಷ್ಟ ಅಳತೆಯ ವಿವರವನ್ನಷ್ಟೇ ಹಿಡಿಯುತ್ತದೆ. ದೂರ ದೂರ ನಿಂತವು ಸಣ್ಣ ವಿವರ ಕೊಡುತ್ತವೆ, ಆದರೆ ಅಗಲವಾಗಿ ಹರಡಿದ ಬೆಳಕನ್ನು ಬಿಟ್ಟುಬಿಡುತ್ತವೆ. ಆಲ್ಮಾ ದತ್ತಾಂಶಕ್ಕೆ ಬಳಸುವ ಕಾಸಾ ತಂತ್ರಾಂಶದ ಸಿಮ್‌ಅಬ್ಸರ್ವ್ ಎಂಬ ಸಾಧನಕ್ಕೆ ಮಾಡೆಲ್ ಚಿತ್ರ, ಆಂಟೆನಾಗಳ ಜಾಗದ ಪಟ್ಟಿ, ಗಾಳಿಯಲ್ಲಿನ ನೀರಾವಿಯ ಪ್ರಮಾಣ ಕೊಟ್ಟರೆ ಅದು ನಿಜವಾದ ವೀಕ್ಷಣೆಯಂಥ ದತ್ತಾಂಶ ಮಾಡಿಕೊಡುತ್ತದೆ. ಅದನ್ನು ಕಾಸಾದ್ದೇ ಟಿಕ್ಲೀನ್ ಸಾಧನದಲ್ಲಿ ಚಿತ್ರವಾಗಿಸಿದಾಗ, ಹತ್ತಿರದ ಜೋಡಿಗಳು ಇಲ್ಲದಿದ್ದರೆ ತಟ್ಟೆಯ ಸುತ್ತ ಸೊನ್ನೆಗಿಂತ ಕೆಳಗಿನ ಕಪ್ಪು ಗುಳಿ ಏಳುತ್ತದೆ. ಮಸುಕು ಮಾಡಿದ ಚಿತ್ರದಲ್ಲಿ ಈ ಗುಳಿ ಬರುವುದೇ ಇಲ್ಲ. ಅದಕ್ಕೇ ನಾನು ಒತ್ತಾದ ಜೋಡಣೆಯ ದತ್ತಾಂಶವನ್ನೂ ಸೇರಿಸಿಯೇ ಚಿತ್ರ ಮಾಡುತ್ತೇನೆ.

ಬೀಮ್, ಅಂದರೆ ಚಿತ್ರದಲ್ಲಿ ಬಿಡಿಸಿ ಕಾಣುವ ಅತಿ ಸಣ್ಣ ವಿವರದ ಅಳತೆ, ಸಣ್ಣದಿದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯೂ ಇಲ್ಲಿ ನಿಲ್ಲುವುದಿಲ್ಲ. ಬೀಮ್ ಅಗಲ ಅರ್ಧಕ್ಕಿಳಿದರೆ, ಹೊಳಪಿನ ತಾಪಮಾನದ (ಹೊಳಪನ್ನು ಕೆಲ್ವಿನ್‌ನಲ್ಲಿ ಹೇಳುವ ಅಳತೆ) ಲೆಕ್ಕದಲ್ಲಿ ನಾಯ್ಸ್, ಅಂದರೆ ದತ್ತಾಂಶದಲ್ಲಿನ ಗದ್ದಲ, ನಾಲ್ಕು ಪಟ್ಟು. ಅದನ್ನು ಮೊದಲಿನ ಮಟ್ಟಕ್ಕೆ ತರಲು 16 ಪಟ್ಟು ಹೊತ್ತು ನೋಡಬೇಕು. ಅಷ್ಟು ಸಮಯ ಯಾರು ಕೊಡುತ್ತಾರೆ? ಹಗುರ ಗ್ರಹದ ಕೊಂಕು ಸ್ವಲ್ಪ ದೊಡ್ಡ ಬೀಮ್‌ನಲ್ಲೇ ನನಗೆ ಚೆನ್ನಾಗಿ ಉಳಿದುಕೊಂಡಿತು.

ಈ ದಾರಿ ಹಿಡಿಯುವವರಿಗೆ ಒಂದು ಮಾತು. ಗ್ರಹವೇ ಇಲ್ಲದ ಅದೇ ತಟ್ಟೆಯನ್ನೂ ಇದೇ ಹಂತಗಳಲ್ಲಿ, ಇದೇ ನಾಯ್ಸ್ ಹಾಕಿ ದಾಟಿಸಿ. ಅದರ ಚಾನೆಲ್‌ಗಳಲ್ಲೂ ಅಲ್ಲಲ್ಲಿ ಅಂಚು ಬಾಗಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟ ಮೇಲೆಯೇ ನಾನು ಯಾವ ಕೊಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸುತ್ತೇನೆ. ಈಗ ಇದನ್ನೇ ಕಾರ್ಬನ್-13 (ತುಸು ಭಾರದ ಕಾರ್ಬನ್) ಇರುವ ಕಾರ್ಬನ್ ಮಾನಾಕ್ಸೈಡ್ ಅಣುವಿಗೆ ಮಾಡುತ್ತಿದ್ದೇನೆ. ಅದರ ಬೆಳಕು ತಟ್ಟೆಯ ಇನ್ನೂ ಒಳಗಿನ ಪದರದಿಂದ ಬರುತ್ತದೆ.