ಬಯಲುಸೀಮೆಯ ಒಣ ಹವೆಯಲ್ಲಿ ಹಾವಿಗೆ ಹಾಸು: ನನ್ನ ಅನುಭವ

ದಾವಣಗೆರೆಯಲ್ಲಿ ಹಾವು ಸಾಕಿದ್ದೀನಿ ಅಂದರೆ ಜನ ಮೊದಲು ಕೇಳೋದು, ಹಾಲು ಕುಡಿಯುತ್ತಾ ಅಂತ. ಕುಡಿಯೋಲ್ಲ. ಹಾಲು ಹಾವಿಗೆ ಅರಗುವ ಆಹಾರವೇ ಅಲ್ಲ, ಅದಕ್ಕೆ ಬೇಕಿರೋದು ದಿನಾ ಬದಲಿಸಿದ ಶುದ್ಧ ನೀರು. ಎರಡನೇ ಪ್ರಶ್ನೆ, ಫಾರೆಸ್ಟ್‌ನವರು ಹಿಡಿಯಲ್ವಾ? ಈ ಪ್ರಶ್ನೆ ಎಲ್ಲರೂ ಕೇಳಲೇಬೇಕಾದದ್ದು. ನಾಗರ, ಕೇರೆ, ಮಣ್ಣುಮುಕ್ಕದಂಥ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನನ್ನ ಬಳಿ ಇರೋದು ಬಾಲ್ ಪೈಥಾನ್. ಪಶ್ಚಿಮ ಆಫ್ರಿಕಾ ಮೂಲದ, ವಿಷವಿಲ್ಲದ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುವ ಹಾವು. ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿ ಇರೋದರಿಂದ 2024ರಲ್ಲಿ ಬಂದ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ಇದರ ನೋಂದಣಿ ಆಗಿರಬೇಕು. ಕಾಗದಪತ್ರ ಇಲ್ಲದೆ ಕೊಡ್ತೀನಿ ಅನ್ನೋರ ಹತ್ತಿರ ಕೊಳ್ಳಬೇಡಿ. ಇದು ಇಪ್ಪತ್ತು, ಮೂವತ್ತು ವರ್ಷ ಬದುಕುವ ಜೀವ ಅನ್ನೋದೂ ನೆನಪಿರಲಿ.

ಈಗ ಹಾಸಿನ ವಿಷಯಕ್ಕೆ ಬರ್ತೀನಿ. ಹಾವು ಇಡೀ ದಿನ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡೇ ಇರುತ್ತೆ, ಮೂಗೂ ನೆಲದ ಹತ್ತಿರವೇ. ಕೆಳಗೆ ಏನು ಹಾಸಿರುತ್ತೀವೋ ಅದನ್ನೇ ಮುಟ್ಟಿ, ಅದನ್ನೇ ಉಸಿರಾಡುತ್ತೆ. ಹೊರದೇಶದವರ ವಿಡಿಯೋ ನೋಡಿದರೆ ಎಲ್ಲರೂ ಆಸ್ಪೆನ್ ಮರದ ಹೊಟ್ಟು ಅನ್ನುತ್ತಾರೆ. ಅದು ಇಲ್ಲಿ ಸಿಗೋದು ಕಷ್ಟ. ಸಿಕ್ಕರೂ ಒಣ ಹಾಸು, ಈ ಹಾವಿಗೆ ಬೇಕಿರೋದು ತೇವ.

ನಮ್ಮ ಊರಲ್ಲಿ ಕೈಗೆ ಸುಲಭವಾಗಿ ಸಿಗುವ ಹೊಟ್ಟುಗಳಿಗೇನೂ ಬರ ಇಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಪರಿಚಯದ ರೈತರೊಬ್ಬರು "ಬೆಂಡಿನ ಪುಡಿ ಮೂಟೆಗಟ್ಟಲೆ ಐತಿ, ತಗೊಂಡ್ ಹೋಗ್ರಿ" ಅಂದರು. ಪ್ರೀತಿಯಿಂದ ಹೇಳಿದ್ದು, ಆದರೂ ಬೇಡ ಅಂದೆ. ಕಾಳು ಬಿಡಿಸಿದ ಬೆಂಡಿನ ಚೂರು ಹೊಟ್ಟೆಗೆ ಹೋದರೆ ಉಬ್ಬಿ ಕರುಳು ಕಟ್ಟಬಹುದು, ತೇವ ತಾಗಿದರೆ ಬೇಗ ಬೂಷ್ಟು ಹಿಡಿಯುತ್ತೆ. ಭತ್ತದ ಹೊಟ್ಟು ಚೂಪು, ಧೂಳೂ ಜಾಸ್ತಿ. ಅದು ಮಂಡಕ್ಕಿ ಭಟ್ಟಿಯ ಒಲೆಗೇ ಸರಿ. ಸಾಮಿಲ್ ಹೊಟ್ಟಿನಲ್ಲಿ ಯಾವ ಮರ ಸೇರಿದೆ ಅಂತ ಯಾರಿಗೂ ಗೊತ್ತಿರೋಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಇದ್ದರಂತೂ ಅದರ ವಾಸನೆಯ ಎಣ್ಣೆ ಹಾವಿನ ಶ್ವಾಸಕೋಶಕ್ಕೆ ಕೆಡುಕು. ದೇವದಾರು ಜಾತಿಯ ಮರ ಇನ್ನೂ ಕೆಟ್ಟದ್ದು. ಮರಳು ಊಟದ ಜೊತೆ ಒಳಗೆ ಹೋಗುತ್ತೆ, ತೇವವನ್ನೂ ಹಿಡಿದಿಡೋಲ್ಲ.

ನಾನು ನೆಚ್ಚಿಕೊಂಡಿರೋದು ತೆಂಗಿನ ನಾರಿನ ಪುಡಿ. ಹೊಸದುರ್ಗ, ಹಿರಿಯೂರು ಕಡೆಯ ತೆಂಗು ನಮಗೆ ದೂರದ್ದಲ್ಲ. ನರ್ಸರಿಗಳಲ್ಲಿ ಒತ್ತಿದ ಇಟ್ಟಿಗೆ ರೂಪದಲ್ಲಿ ಸಿಗುತ್ತೆ. ಗಿಡಕ್ಕೆ ಅಂತ ಗೊಬ್ಬರ ಬೆರೆಸಿದ್ದು ಬೇಡ, ಬರೀ ನಾರಿನದ್ದೇ ಕೇಳಿ. ತಂದ ತಕ್ಷಣ ಹಾಸಲೂಬಾರದು. ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತೆ, ಉಪ್ಪುನೀರಲ್ಲಿ ನೆನೆಸಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ಬಕೆಟ್‌ನಲ್ಲಿ ನೆನೆಸಿ, ಹಳೇ ಪಂಚೆಗೆ ಸುರಿದು ಹಿಂಡಿದರೆ ಗಾಢ ಕಂದು ನೀರು ಇಳಿಯುತ್ತೆ. ಆ ಬಣ್ಣ ತಿಳಿಯಾಗುವವರೆಗೆ ನೀರು ಬದಲಿಸುತ್ತೇನೆ. ಆಮೇಲೆ ಮಾಳಿಗೆ ಮೇಲೆ ಒಣಗಿಸಿ, ಜರಡಿ ಹಿಡಿದು ಸಣ್ಣ ಧೂಳು ತೆಗೆದುಬಿಡುತ್ತೇನೆ. ಬಾಲ್ ಪೈಥಾನ್‌ನ ತುಟಿಯ ಅಂಚಲ್ಲಿ ಶಾಖ ಗ್ರಹಿಸುವ ಸಣ್ಣ ಗುಳಿಗಳಿರುತ್ತವೆ, ಧೂಳು ಅದರಲ್ಲೂ ಮೂಗಲ್ಲೂ ಕೂರುತ್ತೆ. ಪುಡಿಗೆ ಕಾಯಿ ಸಿಪ್ಪೆಯ ಚೂರು ಬೆರೆಸಿದರೆ ಗಾಳಿ ಆಡುತ್ತೆ, ಬೇಗ ಗಟ್ಟಿಯಾಗೋಲ್ಲ.

ತೇವದ ಹದ ಕೈಗೇ ಗೊತ್ತಾಗಬೇಕು. ಒಂದು ಹಿಡಿ ತೆಗೆದು ಒತ್ತಿದರೆ ತಂಬಿಟ್ಟಿನ ಉಂಡೆಯಂತೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಬರಬಾರದು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ಇದಕ್ಕಿಂತ ಒದ್ದೆಯಾದರೆ ಹೊಟ್ಟೆಯ ಹುರುಪೆಗಳು ಕಂದುಬಣ್ಣಕ್ಕೆ ತಿರುಗಿ ಕೊಳೆಯಲು ಶುರುವಾಗುತ್ತವೆ. ಮೂರು ಇಂಚು ದಪ್ಪ ಹಾಸಿ, ಮೇಲೆ ಚಿಮುಕಿಸುವ ಬದಲು ಮೂಲೆಯಲ್ಲಿ ಸ್ವಲ್ಪ ನೀರು ಸುರಿಯುತ್ತೇನೆ. ಕೆಳಪದರ ತಂಪಾಗಿದ್ದು ಮೇಲ್ಪದರ ಒಣಗಿರುತ್ತೆ, ಹಾವಿಗೆ ಬೇಕಿರೋದೂ ಅದೇ.

ಈ ಹಾವಿಗೆ ಗಾಳಿಯ ತೇವಾಂಶ ಶೇಕಡಾ 60ರ ಆಸುಪಾಸು ಇರಬೇಕು, ಪೊರೆ ಬಿಡುವಾಗ ಇನ್ನೂ ಹೆಚ್ಚು. ಏಪ್ರಿಲ್‌ನ ದಾವಣಗೆರೆಯಲ್ಲಿ ಮಧ್ಯಾಹ್ನದ ಗಾಳಿಗೆ ಅಷ್ಟು ತೇವ ಎಲ್ಲಿಂದ ಬರಬೇಕು? ಅದಕ್ಕೇ ಹಾವಿನ ಪೆಟ್ಟಿಗೆಯ ಜಾಲರಿ ಮುಚ್ಚಳದ ಮುಕ್ಕಾಲು ಭಾಗಕ್ಕೆ ಅಕ್ರಿಲಿಕ್ ಹಾಳೆ ಮುಚ್ಚಿ, ಒಳಗೆ ತೇವಾಂಶದ ಮೀಟರ್ ಇಟ್ಟಿದ್ದೇನೆ. ತೇವ ಸರಿ ಇದ್ದರೆ ಪೊರೆ ಮೂತಿಯಿಂದ ಬಾಲದ ತನಕ ಒಂದೇ ತುಂಡಾಗಿ ಬರುತ್ತೆ. ಬಂದ ಪೊರೆಯನ್ನು ಕಿಟಕಿ ಬೆಳಕಿಗೆ ಹಿಡಿದು ತಲೆಯ ಭಾಗ ನೋಡುತ್ತೇನೆ: ಕಣ್ಣಿನ ಜಾಗದಲ್ಲಿ ಎರಡು ದುಂಡು ಪಾರದರ್ಶಕ ಹುರುಪೆ ಇರಲೇಬೇಕು. ಇಲ್ಲದಿದ್ದರೆ ಅವು ಕಣ್ಣ ಮೇಲೇ ಉಳಿದಿವೆ ಅಂತ ಅರ್ಥ. ಉಗುರಲ್ಲಿ ಕೀಳಲು ಹೋಗಬಾರದು. ತೇವ ಹೆಚ್ಚಿಸಿ ಮುಂದಿನ ಪೊರೆಗೆ ಕಾಯಬೇಕು, ಆಗಲೂ ಬರದಿದ್ದರೆ ವೈದ್ಯರ ಹತ್ತಿರ ಹೋಗಬೇಕು.

ಶಾಖ ಬಿಸಿ ತುದಿಯಲ್ಲಿ 31-32 ಡಿಗ್ರಿ, ತಂಪು ತುದಿಯಲ್ಲಿ 25-27. ದಪ್ಪ ಹಾಸಿನ ಕೆಳಗೆ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಕಾಯುವ ಹಾಳೆ, ಇಟ್ಟರೆ ಹಾವು ಕೊರೆದುಕೊಂಡು ಹೋಗಿ ಕಾದ ತಳಕ್ಕೆ ತಾಗಿ ಸುಟ್ಟುಕೊಳ್ಳಬಹುದು. ನಾನು ಮ್ಯಾಟನ್ನು ಪಕ್ಕದ ಗೋಡೆಗೆ ಅಂಟಿಸಿ, ಶಾಖ ಮಿತಿ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಹಾಕಿದ್ದೇನೆ. ಬೇಸಿಗೆಯಲ್ಲಿ ಅದರ ಕೆಲಸವೇ ಇಲ್ಲ. ಪೆಟ್ಟಿಗೆಯನ್ನು ಮನೆಯ ತಣ್ಣನೆಯ ನಡುಕೋಣೆಗೆ ಸರಿಸಬೇಕು, ಅಷ್ಟೇ.

ಊಟವನ್ನು ಕಡಪ ಕಲ್ಲಿನ ತುಂಡಿನ ಮೇಲೆ ಇಡುತ್ತೇನೆ, ನಾರು ಬಾಯಿಗೆ ಅಂಟೋಲ್ಲ. ಮಲ ಕಂಡ ಕೂಡಲೇ ಸುತ್ತಲಿನ ಹಾಸಿನ ಸಮೇತ ತೆಗೆಯುತ್ತೇನೆ. ಪೂರ್ತಿ ಬದಲಿಸುವಾಗ ಪೆಟ್ಟಿಗೆಗೆ ಫಿನಾಯಿಲ್ ಮಾತ್ರ ಮುಟ್ಟಿಸಬೇಡಿ, ಹಾವಿಗೆ ಅದು ವಿಷ. ನುಸಿಗುಳಿಗೆಯೂ ಅಷ್ಟೇ. ಒಂದು ಪಾಲು ದ್ರವ ಬ್ಲೀಚಿಗೆ ಮೂವತ್ತು ಪಾಲು ನೀರು ಸೇರಿಸಿ ಒರೆಸಿ, ಚೆನ್ನಾಗಿ ತೊಳೆದು, ವಾಸನೆ ಹೋಗುವ ತನಕ ಬಿಸಿಲಿಗಿಟ್ಟರೆ ಸಾಕು. ಇರುವೆಗೆ ಔಷಧಿ ಗೆರೆ ಎಳೆಯುವ ಬದಲು ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದೇನೆ.

ಹೊಸದಾಗಿ ತಂದ ಹಾವಿಗೆ ಇದೆಲ್ಲ ಕೂಡಲೇ ಬೇಡ. ಮೊದಲ ಒಂದೆರಡು ತಿಂಗಳು ಅಚ್ಚಾಗದ ಬಿಳಿ ಕಾಗದವೇ ಒಳ್ಳೆಯದು. ಮಲ ಹೇಗಿದೆ, ರಕ್ತ ಇದೆಯಾ, ಕರಿ ಚುಕ್ಕೆಯಂಥ ಉಣ್ಣೆ ಓಡಾಡುತ್ತಿದೆಯಾ, ಎಲ್ಲ ಕಾಗದದ ಮೇಲೆ ಎದ್ದು ಕಾಣುತ್ತೆ. ಆಗ ತೇವಕ್ಕೆ ದೊಡ್ಡ ನೀರಿನ ಬಟ್ಟಲೂ ಒದ್ದೆ ಪಾಚಿ (ಮಾಸ್) ತುಂಬಿದ ಮುಚ್ಚಳದ ಡಬ್ಬಿಯೂ ಸಾಕು. ಡಬ್ಬಿಯ ಪಕ್ಕಕ್ಕೆ ಹಾವು ಸಲೀಸಾಗಿ ನುಸುಳುವಷ್ಟು ತೂತು ಕೊರೆದು, ಅಂಚನ್ನು ಉಜ್ಜಿ ನುಣುಪು ಮಾಡಿ.