ಚೀನಾದ ಸಿಆರ್‌ಪಿ ಅಧ್ಯಯನ ಕೈಗೆ ಸಿಕ್ಕರೆ ಹೀಗೆ ಓದಿ

ನಾನು ಲ್ಯಾಬ್‌ನಲ್ಲಿ ಸಿಆರ್‌ಪಿ (ದೇಹದಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ರಿಪೋರ್ಟುಗಳಿಗೆ ಸಹಿ ಹಾಕುವವಳು. ಚೀನಾದಲ್ಲಿ ರಕ್ತದ ಉರಿಯೂತ ಜಾಸ್ತಿ ಇದ್ದವರಿಗೆ ಹೃದಯದ ಕಾಯಿಲೆಯೂ ಜಾಸ್ತಿ ಅಂತ ಯಾರಾದರೂ ಪೇಪರ್ ತಂದು ತೋರಿಸಿದರೆ, ಮೊದಲು ಹುಡುಕುವುದು ಒಂದೇ: ರಕ್ತ ಕೊಟ್ಟವರು ಯಾರು?

ಕೈಲುವಾನ್ ಅಧ್ಯಯನ 2006ರಲ್ಲಿ ಹೆಬೇ ಪ್ರಾಂತ್ಯದ ಟಾಂಗ್‌ಶಾನ್‌ನಲ್ಲಿ ಶುರುವಾಯಿತು. ಕಲ್ಲಿದ್ದಲು ಕಂಪನಿಯ ನೌಕರರು, ನಿವೃತ್ತರು ಸೇರಿ 1 ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಗಂಡಸರೇ ಜಾಸ್ತಿ. ಪೀಕಿಂಗ್ ವಿಶ್ವವಿದ್ಯಾಲಯದ ಚಾರ್ಲ್ಸ್ (CHARLS) ಅನ್ನುವ ಸಮೀಕ್ಷೆಯ ಜನ ಬೇರೆ: 28 ಪ್ರಾಂತ್ಯಗಳ, 45 ದಾಟಿದ ಹಳ್ಳಿಯವರು, ಪಟ್ಟಣದವರು. ಚೀನಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಸರು ಸಿಗರೇಟು ಸೇದುತ್ತಾರೆ, ಹೆಂಗಸರು ತೀರಾ ಕಡಿಮೆ. ಸಿಗರೇಟು ಸಿಆರ್‌ಪಿಯನ್ನೂ ಏರಿಸುತ್ತದೆ, ಹೃದಯವನ್ನೂ ಕೆಡಿಸುತ್ತದೆ. ಲೆಕ್ಕದಲ್ಲಿ ಅದನ್ನು ಬೇರೆ ಮಾಡಿದ್ದಾರಾ ನೋಡಿ. ಬೊಜ್ಜಿನದೂ ಇದೇ ಕಥೆ.

ಆಮೇಲೆ, ಕಾಯಿಲೆಯನ್ನು ಹೇಗೆ ಎಣಿಸಿದರು? ಚಾರ್ಲ್ಸ್‌ನಲ್ಲಿ ‘ಹೃದಯದ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ್ದಾರಾ?’ ಎಂದು ಕೇಳುತ್ತಾರೆ. ಡಾಕ್ಟರ್ ಹತ್ತಿರ ಹೋಗದೇ ಇದ್ದವರು ಇಲ್ಲ ಅಂತಲೇ ಹೇಳುತ್ತಾರೆ, ಅಲ್ವಾ? ಪಾರ್ಶ್ವವಾಯುವನ್ನೂ ಇದಕ್ಕೆ ಕೂಡಿಸಿದ್ದಾರಾ ಗಮನಿಸಿ. ಚೀನಾದಲ್ಲಿ ಅದರ ಹೊರೆ ದೊಡ್ಡದು.

ಇನ್ನು ಅಂಕಿಗಳು. ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3 ದಾಟಿದರೆ ಜಾಸ್ತಿ. ಇದು 2003ರಲ್ಲಿ ಅಮೆರಿಕದವರು ಹಾಕಿದ ಗೆರೆ. ಚೀನೀಯರ ಸಿಆರ್‌ಪಿ ಸಾಮಾನ್ಯವಾಗಿ ಪಾಶ್ಚಾತ್ಯರಿಗಿಂತ ಕಡಿಮೆ. ಅದಕ್ಕೇ ಎಷ್ಟೋ ಪೇಪರ್‌ಗಳು ಜನರನ್ನು ನಾಲ್ಕು ಸಮ ಗುಂಪು ಮಾಡಿ, ಮೇಲಿನ ಗುಂಪಿಗೆ ‘ಜಾಸ್ತಿ’ ಅನ್ನುತ್ತವೆ. ಆ ಗುಂಪು 3ಕ್ಕಿಂತ ಕೆಳಗೇ ಶುರುವಾಗಿರಬಹುದು. ಕೋಷ್ಟಕಕ್ಕೆ ಹೋಗಿ ಆ ಅಂಕಿ ಬರೆದುಕೊಳ್ಳಿ. ಗಂಟಲು ನೋವಿದ್ದರೂ ಸಿಆರ್‌ಪಿ 10 ದಾಟಬಹುದು. ಅಂಥವರನ್ನು ಬಿಟ್ಟಿದ್ದಾರಾ, ರಕ್ತ ಒಂದೇ ಸಲ ತೆಗೆದಿದ್ದಾರಾ ಅನ್ನುವುದನ್ನೂ ನೋಡಿ.

ಈಚೆಗೆ ಎಸ್‌ಐಐ ಅನ್ನುವ ಉರಿಯೂತದ ಸೂಚ್ಯಂಕ ಎಲ್ಲ ಕಡೆ ಕಾಣುತ್ತದೆ. ಹೊಸ ಪರೀಕ್ಷೆ ಏನಲ್ಲ, ರಕ್ತಕಣ ಎಣಿಸುವ ಮಾಮೂಲಿ ಸಿಬಿಸಿ ಪರೀಕ್ಷೆಯದೇ ಲೆಕ್ಕ. ಮೈಕ್ರೋಲೀಟರಿಗೆ ಸಾವಿರದ ಲೆಕ್ಕದಲ್ಲಿ ಪ್ಲೇಟ್‌ಲೆಟ್ 250, ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ 4, ಲಿಂಫೋಸೈಟ್ 2 ಇದ್ದರೆ, 250ನ್ನು 4ರಿಂದ ಗುಣಿಸಿ 2ರಿಂದ ಭಾಗಿಸಿ: 500. ಇದಕ್ಕೆ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಪ್ರತಿ ಪೇಪರ್‌ಗೂ ಒಂದೊಂದು. ನನಗಂತೂ ಇದರ ಮೇಲೆ ಅಷ್ಟು ನಂಬಿಕೆ ಇಲ್ಲ.

‘ಅಪಾಯ ಶೇ. 50 ಜಾಸ್ತಿ’ ಅಂದರೆ ಗಾಬರಿ ಬೇಡ. ನೂರರಲ್ಲಿ 4 ಜನರಿಗೆ ಬರುತ್ತಿದ್ದದ್ದು 6 ಆದರೂ ಶೇ. 50 ಜಾಸ್ತಿಯೇ. ಸಿಆರ್‌ಪಿಯೇ ಕಾಯಿಲೆ ತರುತ್ತದೆ ಅಂತಲೂ ಅಲ್ಲ. ಹುಟ್ಟಿನಿಂದಲೇ ಜೀನ್ ಕಾರಣಕ್ಕೆ ಸಿಆರ್‌ಪಿ ಹೆಚ್ಚಿರುವವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿಲ್ಲ. ಲಿವರ್‌ಗೆ ಸಿಆರ್‌ಪಿ ಮಾಡು ಅಂತ ಹೇಳುವ ಐಎಲ್-6 ಅನ್ನುವ ಪ್ರೋಟೀನ್ ಮೇಲೆ ಅನುಮಾನ ಜಾಸ್ತಿ.

ಚೀನಾದ ವಯಸ್ಕರೊಬ್ಬರ ಅಪಾಯ ಅಂದಾಜು ಮಾಡಬೇಕಿದ್ದರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೇಳುವ 2016ರ ಚೀನಾ-ಪಾರ್ ಲೆಕ್ಕದಿಂದ ಶುರು ಮಾಡಿ. ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಸಕ್ಕರೆ ಕಾಯಿಲೆ, ಸಿಗರೇಟು, ಸೊಂಟದ ಸುತ್ತಳತೆ, ಉತ್ತರದವರೋ ದಕ್ಷಿಣದವರೋ ಎಲ್ಲ ಅದರಲ್ಲಿ ಬರುತ್ತದೆ, ಸಿಆರ್‌ಪಿ ಬರುವುದಿಲ್ಲ. ಅಪಾಯ ಮಧ್ಯದಲ್ಲಿ ನಿಂತು ಕೊಲೆಸ್ಟ್ರಾಲ್ ಮಾತ್ರೆ ಬೇಕೋ ಬೇಡವೋ ಅನ್ನುವ ಗೊಂದಲ ಇದ್ದರೆ, ಆಗ ಡಾಕ್ಟರ್ ಜೊತೆ ಸಿಆರ್‌ಪಿ ಮಾತು ತೆಗೆಯಿರಿ.